ಸಾವಿನ ಮೇಲೆ ಪುಸ್ತಕ ಮುಚ್ಚದ ಕೊಟ್ರಯ್ಯ

ಕೊಟ್ರಯ್ಯನವರು ಕೈಕಾಲು ತೊಳೆಯದೆ ಪುಸ್ತಕ ಮುಟ್ಟುತ್ತಿರಲಿಲ್ಲ. ಅದು ಪುರಾಣವೇ ಆಗಬೇಕೆಂದಿರಲಿಲ್ಲ. ದಿನಪತ್ರಿಕೆಯಾದರೂ ಅಷ್ಟೇ, ಬಿತ್ತನೆ ಬೀಜದ ಪಟ್ಟಿಯಾದರೂ ಅಷ್ಟೇ. ಚನ್ನಗಿರಿಯ ನಮ್ಮ ವಾಚನಾಲಯದ ಹಿತ್ತಲಿನಲ್ಲಿ ಒಂದು ತಂಬಿಗೆ ನೀರು ಹುಯ್ದುಕೊಂಡು, ಪಂಚೆಯ ಅಂಚಿಗೆ ಕೈ ಒರೆಸಿಕೊಂಡು, ಹಣೆಯ ವಿಭೂತಿ ಸರಿಯಾಗಿದೆಯೇ ಎಂದು ಬೆರಳಲ್ಲೇ ನೋಡಿಕೊಂಡು, ಆಮೇಲೆ ಚಾಪೆಯ ಮೇಲೆ ಕೂರುತ್ತಿದ್ದರು. ಹೊನ್ನಾಳಿಯಿಂದ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಬಂದು, ವರ್ಷದೊಳಗೆ ವಾಚನಾಲಯದ ಕಾರ್ಯದರ್ಶಿಯೂ ಆಗಿಬಿಟ್ಟಿದ್ದ ನನಗೆ ಇದನ್ನು ಕಂಡರೆ ನಗು. ಆಗ ನನಗೆ ಇಪ್ಪತ್ತಾರು ವರ್ಷ. ನನಗೆ ತಿಳಿಯದ ವಿಷಯ ಲೋಕದಲ್ಲಿ ಇರಲಿಲ್ಲ.

ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಬೀಗ ಹಾಕುವುದು ಅವರ ಕೆಲಸ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಓದು ಬಾರದವರಿಗೆ ಓದಿ ಹೇಳುವುದು. ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಹಾಗಾಗಿ ಸಂಜೆ ನಾಲ್ಕಕ್ಕೇ ಓದು ಶುರುವಾಗುತ್ತಿತ್ತು. ಗಾಡಿ ಹೊಡೆಯುವವರು, ಅಡಿಕೆ ಸುಲಿಯುವವರು, ಎಲೆ ಮಾರುವ ಮುದುಕರು ಚಾಪೆ ತುಂಬ ಕೂರುತ್ತಿದ್ದರು. ವಾಚನಾಲಯದ ಕಸ ಗುಡಿಸಿ ನೀರು ತುಂಬುತ್ತಿದ್ದ ಹಾಲವ್ವ ಮಾತ್ರ ಹೊಸ್ತಿಲಾಚೆ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದಳು. ಅವಳ ಒಬ್ಬನೇ ಮಗ ಹನುಮಂತ ಸೈನ್ಯಕ್ಕೆ ಸೇರಿ ರಾವಲ್ಪಿಂಡಿಯಿಂದಾಚೆ ಎಲ್ಲೋ ಹಿಮ ಬೀಳುವ ಕಡೆ ಇದ್ದ. ಎರಡು ಮೂರು ತಿಂಗಳಿಗೊಮ್ಮೆ ಅವನ ಕಾಗದ ಬರುತ್ತಿತ್ತು. ಬಳ್ಳಾರಿ ಕಡೆಯ ಜೊತೆಗಾರನೊಬ್ಬ ಬರೆದುಕೊಡುತ್ತಿದ್ದನಂತೆ. ಅದನ್ನು ಓದಿ ಹೇಳುವವರೂ ಕೊಟ್ರಯ್ಯನವರೇ, ತಗಡಿನ ಡಬ್ಬಿಯಲ್ಲಿ ಜೋಪಾನ ಮಾಡಿಡುವವರೂ ಅವರೇ.

ಶ್ರಾವಣದಲ್ಲಿ ಅವರು ಮಠದಲ್ಲಿ ಪುರಾಣ ಓದುತ್ತಿದ್ದರು. ಎಷ್ಟೇ ಹೊತ್ತಾಗಲಿ, ಯಾರಾದರೂ ಸತ್ತ ಕಡೆ ಓದು ನಿಲ್ಲಿಸುತ್ತಿರಲಿಲ್ಲ. ಮುಂದೆ ಒಂದು ಮದುವೆಯೋ ಪಟ್ಟಾಭಿಷೇಕವೋ ಬರುವವರೆಗೆ ಓದಿಯೇ ಮಂಗಳ ಹಾಡುತ್ತಿದ್ದರು. ಅದು ಪುರಾಣದ ಪದ್ಧತಿ, ಒಪ್ಪೋಣ. ಆದರೆ ಪತ್ರಿಕೆಗೂ ಅದೇ ಪದ್ಧತಿ! ಯುದ್ಧದಲ್ಲಿ ಸತ್ತವರ ಸುದ್ದಿ ಓದಿ ಮುಗಿಸಿದವರೇ, ಹಾಳೆ ಮಗುಚಿ, ಕೂದಲೆಣ್ಣೆಯ ಜಾಹೀರಾತನ್ನು ಅದೇ ಗಂಭೀರ ದನಿಯಲ್ಲಿ ಓದಿ, ಆಮೇಲೆ ಪತ್ರಿಕೆ ಮಡಿಸುತ್ತಿದ್ದರು.

"ಇದೆಂಥ ಮಂಗಳ ಕೊಟ್ರಯ್ಯನವರೆ?" ಎಂದು ನಾನು ಕೆಣಕಿದೆ.

"ಯಾಕ್ರಿ ಮೇಷ್ಟ್ರೆ, ಕೂದ್ಲು ಬೆಳೆಯೋದು ಅಮಂಗಳ ಏನ್ರಿ?" ಎಂದರು. ಆಮೇಲೆ ದನಿ ತಗ್ಗಿಸಿ, "ಸಾವಿನ ಮ್ಯಾಲೆ ಮುಚ್ಚಬಾರ್ದು ರೀ. ಕೇಳಿದೋರು ಅದನ್ನೇ ಹೊತ್ಕಂಡು ಮನೀಗೆ ಹೋಗ್ತಾರೆ" ಎಂದರು.

ಆ ವರ್ಷ ಒಂದು ಕಾದಂಬರಿಗೆ ದೊಡ್ಡ ಬಹುಮಾನ ಬಂತು. ಉತ್ತರದ ತುತ್ತತುದಿಯ ಹಿಮದ ಬೆಟ್ಟಗಳಲ್ಲಿ ಟಪಾಲು ಹೊರುವ ಒಬ್ಬ ಯುವಕ, ಕೆಳಗಿನ ಹಳ್ಳಿಯಲ್ಲಿ ಅವನ ದಾರಿ ಕಾಯುವ ತಾಯಿ, ಕತೆ ಇಷ್ಟೇ. ಕೊನೆಗೆ ಅವನು ಹಿಮದಲ್ಲಿ ಹೂತುಹೋಗುತ್ತಾನೆ. ಬೇಸಿಗೆಯಲ್ಲಿ ಹಿಮ ಕರಗಿದಾಗ ಹೆಣ ಸಿಗುತ್ತದೆ. ನಾವು ಎರಡು ಪ್ರತಿ ತರಿಸಿದೆವು. ಒಂದು ಮನೆಗೆ ಒಯ್ದು ಓದುವವರಿಗೆ, ಇನ್ನೊಂದು ಕೊಟ್ರಯ್ಯನವರು ಚಾಪೆಯವರಿಗೆ ಓದಿ ಹೇಳುವುದಕ್ಕೆ.

ಊರು ಎರಡಾಯಿತು. "ಒಂದು ಮದುವೆ ಇಲ್ಲ, ಒಂದು ಜಗಳ ಇಲ್ಲ, ಮುನ್ನೂರು ಪುಟ ಬರೀ ಚಳಿ. ಓದ್ತಾ ಓದ್ತಾ ನನಗೇ ಶೀತ ಆತು" ಎಂದರು ಸಂತೇಬೆನ್ನೂರಿನ ಅಡಿಕೆ ಸಾಹುಕಾರರು. ಶಿರಸ್ತೇದಾರರಿಗೆ ಅದು ಮಹಾಕೃತಿ. ಅರ್ಧ ಓದಿ ಈ ತೀರ್ಮಾನಕ್ಕೆ ಬಂದಿದ್ದರು. ವಕೀಲರೊಬ್ಬರು, ಬಹುಮಾನ ಕೊಟ್ಟವರಿಗೂ ತೆಗೆದುಕೊಂಡವನಿಗೂ ಏನು ನಂಟು ಎಂದು ವಿಚಾರಿಸುತ್ತಿದ್ದರು. ನಾನಂತೂ ಆ ಪುಸ್ತಕದ ಭಕ್ತ. ಆ ಕೊನೆಯೇ ಅದರ ಜೀವ ಎಂದು ಪತ್ರಿಕೆಯೊಂದಕ್ಕೆ ಲೇಖನವನ್ನೂ ಬರೆದಿದ್ದೆ. ಜಗಳ ಕಾವೇರಿದಾಗ ಒಂದು ಭಾನುವಾರ ಅಭಿಪ್ರಾಯ ಸಭೆ ಇಟ್ಟು, ಶಿವಮೊಗ್ಗದಿಂದ ಕಾಲೇಜಿನ ಅಧ್ಯಾಪಕರೊಬ್ಬರನ್ನು ಅಧ್ಯಕ್ಷತೆಗೆ ಕರೆಸಿದೆ. ಅವರ ಮುಂದೆ ಮಿಂಚಬೇಕೆಂಬ ಆಸೆ ನನಗೆ ಹೊಟ್ಟೆ ತುಂಬ ಇತ್ತು.

ವಕೀಲರು ಎದ್ದು, ಆ ತಾಯಿಯ ಮಗನನ್ನು ಕೊಂದ ಕಾದಂಬರಿಕಾರ ಕಟುಕ ಎಂದರು. ಆಗ ಚಾಪೆಯಿಂದ ಗಾಡಿ ಸಿದ್ದಪ್ಪ ಎದ್ದು ನಿಂತ.

"ಸತ್ತಿದ್ದು ಯಾರು ಸ್ವಾಮಿ? ಅವನು ಬಂದನಲ್ರಿ! ಎರಡು ಬೆರಳು ಹೋಗಿದ್ವು, ಅಷ್ಟೇಯ. ಅವರವ್ವ ಬಿಸಿ ಮುದ್ದೆ ಮಾಡಿ ಇಟ್ಳು, ಉಂಡ."

ಚಾಪೆಯವರೆಲ್ಲ ಹೌದು ಹೌದು ಎಂದರು. ಕುರ್ಚಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಮದ ನಾಡಿನಲ್ಲಿ ರಾಗಿ ಮುದ್ದೆ! ಅಧ್ಯಕ್ಷರು ನನ್ನ ಕಡೆ ನೋಡಿ, "ಏನ್ರೀ ಇದು, ನಿಮ್ಮೂರಿನಲ್ಲಿ ಎರಡು ಕಾದಂಬರಿ ಇದೆಯೇನು?" ಎಂದರು. ನನ್ನ ಮುಖ ಕೆಂಪಾಯಿತು.

ಕೊಟ್ರಯ್ಯನವರು ತಲೆ ತಗ್ಗಿಸಿ ಕೂತಿದ್ದರು. ನಾನು ಮೇಜಿನ ಮೇಲಿದ್ದ ಪುಸ್ತಕಕ್ಕೆ ಕೈ ಹಾಕಿದಾಗ ತಲೆ ಎತ್ತಿದರು. ನನ್ನನ್ನು ನೋಡಿದರು, ಹೊಸ್ತಿಲ ಕಡೆ ನೋಡಿದರು, ಎದೆಯ ಹತ್ತಿರ ಕೈ ತಂದು, ಬೇಡ ಎಂಬಂತೆ ಅಲ್ಲಾಡಿಸಿದರು. ಹೊಸ್ತಿಲಲ್ಲಿ ಹಾಲವ್ವ ನೀರಿನ ಕೊಡ ಹಿಡಿದು ನಿಂತಿದ್ದಳು. ಆ ಸನ್ನೆ ನನಗೆ ಅರ್ಥವಾಗಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅರ್ಥವಾಗಿತ್ತು.

ಕೊನೆಯ ಪುಟವನ್ನು ನಾನು ಎದ್ದು ನಿಂತು, ಏರಿಳಿತವಿಟ್ಟು ಓದಿದೆ. ಹಿಮ ಕರಗಿದ್ದು, ಮೊದಲು ಟಪಾಲಿನ ಚೀಲ ಕಂಡದ್ದು, ಆಮೇಲೆ ಕೈ ಕಂಡದ್ದು. ಓದಿ ಮುಗಿಸಿ ಪುಸ್ತಕವನ್ನು ಪಟ್ಟೆಂದು ಮುಚ್ಚಿದೆ. 

"ಅವನು ಬರ್ಲೇ ಇಲ್ಲೇನ್ರಿ ಅಯ್ಯಾರೆ?" ಎಂದಳು ಹಾಲವ್ವ. ಕೇಳಿದ್ದು ನನ್ನನ್ನಲ್ಲ. ಕೊಟ್ರಯ್ಯನವರು ಮತ್ತೆ ತಲೆ ತಗ್ಗಿಸಿದರು. ಅಧ್ಯಕ್ಷರು ನನ್ನ ವಾಚನವನ್ನು ಬಹಳ ಹೊಗಳಿದರು.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ ಹಾಲವ್ವ ಪೊರಕೆ ಹಿಡಿಯದೆ ಕೊಟ್ರಯ್ಯನವರ ಮುಂದೆ ನಿಂತಿದ್ದಳು. ತಗಡಿನ ಡಬ್ಬಿ ತೆರೆದಿತ್ತು.

"ಈ ಕಾಗದದಾಗೆ ನಿಮ್ದೆಷ್ಟು ಐತೆ, ನನ್ನ ಮಗಂದೆಷ್ಟು ಐತೆ, ಬ್ಯಾರೆ ಮಾಡಿ ಹೇಳ್ರಿ ಅಯ್ಯಾರೆ."

"ಒಂದಕ್ಷರ ನಂದಲ್ಲ ಹಾಲವ್ವ. ಗುರುವಿನಾಣೆ."

"ಅದನ್ನೂ ನೀವೇ ಹೇಳ್ಬೇಕಲ್ರಿ" ಎಂದಳು. ಕಾಗದಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ನನ್ನ ಬಳಿ ತಂದು ಸುರಿದಳು. ನಾನು ಒಂದೊಂದಾಗಿ ಓದಿದೆ. ಅವಳಿಗೆ ಬಾಯಿಪಾಠವಾಗಿದ್ದ ಮಾತುಗಳೇ ಇದ್ದವು. ಕೊಟ್ರಯ್ಯನವರು ಒಂದು ಪದವನ್ನೂ ಕೂಡಿಸಿರಲಿಲ್ಲ, ಒಂದನ್ನೂ ಬಿಟ್ಟಿರಲಿಲ್ಲ. ಕತೆಯನ್ನು ಬದಲಿಸಬಹುದು, ಇನ್ನೊಬ್ಬರ ಕಾಗದವನ್ನು ಬದಲಿಸಬಾರದು ಎಂಬುದು ಅವರಿಗೆ ತಿಳಿದಿತ್ತು. ಅದನ್ನು ಹಾಲವ್ವನಿಗೆ ತಿಳಿಸುವ ದಾರಿಯನ್ನು ನಾನು ಹಿಂದಿನ ದಿನವೇ ಮುಚ್ಚಿಬಿಟ್ಟಿದ್ದೆ.

"ನೀವೂ ಅವರೂ ಕೂಡಿ ಮಾತಾಡ್ಕಂಡೀರಿ" ಎಂದು ಅವಳು ಕಾಗದ ಕಟ್ಟಿಕೊಂಡು ಹೋದಳು. ಪೋಸ್ಟ್ ಮಾಸ್ಟರರ ಹತ್ತಿರ ಓದಿಸಿದಳು, ಶಾನುಭೋಗರ ಹತ್ತಿರ ಓದಿಸಿದಳು. ಎಲ್ಲರೂ ಒಂದೇ ಮಾತು ಓದಿದಷ್ಟೂ ಅವಳ ಗುಮಾನಿ ಬಲವಾಯಿತು. ಓದು ಬಂದವರೆಲ್ಲ ಸೇರಿ ತನ್ನಿಂದ ಮಗನ ಸಾವನ್ನು ಮುಚ್ಚಿಡುತ್ತಿದ್ದಾರೆ ಎಂದು ನಂಬಿಬಿಟ್ಟಳು.

ಇನ್ನು ಮೇಲೆ ವಾಚನಾಲಯದಲ್ಲಿ ಗಟ್ಟಿಯಾಗಿ ಓದುವುದು ಬೇಡವೆಂದು ಕಮಿಟಿ ತೀರ್ಮಾನಿಸಿತು. ಕಾರ್ಯದರ್ಶಿಯಾಗಿ ಅದನ್ನು ನನ್ನ ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ರಯ್ಯನವರ ಕೈಗೆ ಕೊಟ್ಟವನು ನಾನೇ. ಅವರು ಅದನ್ನು ಓದುವುದಕ್ಕೂ ಮೊದಲು ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದರು. ಓದಿ, ಬೀಗದ ಕೈ ಮೇಜಿನ ಮೇಲಿಟ್ಟರು. ಆ ವಾರವೇ ಜಗಳೂರಿಗೆ, ಮಗಳ ಮನೆಗೆ ಹೊರಟುಹೋದರು. ಚಾಪೆಯವರು ಆಮೇಲೆ ವಾಚನಾಲಯದ ಕಡೆ ತಲೆ ಹಾಕಲಿಲ್ಲ.

ಹನುಮಂತನ ಮುಂದಿನ ಕಾಗದ ಬಂದಾಗ ನಾನೇ ಹಾಲವ್ವನ ಮನೆಗೆ ಒಯ್ದು ಓದಿದೆ. ಕ್ಷೇಮವಾಗಿದ್ದೇನೆ, ರಜ ಸಿಕ್ಕ ಕೂಡಲೇ ಬರುತ್ತೇನೆ ಎಂದಿತ್ತು. ಅವಳು ಗೋಡೆಯ ಕಡೆ ತಿರುಗಿ, "ಚಂದಾಗಿ ಓದ್ತೀರಿ" ಎಂದಳು. ಮಗ ಸತ್ತನೆಂದೇ ಅವನ ಹೆಸರಲ್ಲಿ ತಲೆಗೆ ನೀರು ಹಾಕಿಕೊಂಡು, ಅನ್ನ ನೀರು ಬಿಟ್ಟವಳಿಗೆ ಒಂದು ಜ್ವರ ನೆಪವಾಯಿತು. ಅವಳು ಸತ್ತ ಎರಡು ತಿಂಗಳಿಗೆ ಹನುಮಂತ ಬಂದ. ಕೈಕಾಲು ಬೆರಳುಗಳೆಲ್ಲ ನೆಟ್ಟಗಿದ್ದವು. ಬೀಗ ಹಾಕಿದ ಬಾಗಿಲ ಮುಂದೆ ಟ್ರಂಕಿನ ಮೇಲೆ ಕೂತು ಅವನು ಅತ್ತದ್ದನ್ನು ನೋಡಲಾರದೆ ನಾನು ಆ ಬೀದಿಯನ್ನೇ ಬಿಟ್ಟು ಬಳಸಿಕೊಂಡು ಶಾಲೆಗೆ ಹೋಗುತ್ತಿದ್ದೆ.

ಮರುವರ್ಷ ಪರೀಕ್ಷೆಯ ಕೆಲಸಕ್ಕೆ ಜಗಳೂರಿಗೆ ಹೋಗಬೇಕಾಯಿತು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸು ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ಮಧ್ಯಾಹ್ನದ ಹೊತ್ತಿಗೆ ಇಳಿಸಿತು. ಕೊಟ್ರಯ್ಯನವರು ಅಳಿಯನ ಅಂಗಡಿಯ ಕಟ್ಟೆಯ ಮೇಲಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನನ್ನನ್ನು ಕಂಡು ಎದ್ದು, "ಬರ್ರಿ ಮೇಷ್ಟ್ರೆ" ಎಂದು ಜಾಗ ಮಾಡಿಕೊಟ್ಟರು. ಆ ಸಭೆಯ ಮಾತು ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನನ್ನ ಮುಖ ನೋಡದೆ ಕೇಳಿದರು: "ಹಾಲವ್ವನ ಮಗ ಬಂದನೇನ್ರಿ?"

"ಬಂದ" ಎಂದೆ.

"ಹಾಲವ್ವ?"

ಎದುರಿಗೆ ಯಾರೋ ಎತ್ತಿಗೆ ನೀರು ಕುಡಿಸುತ್ತಿದ್ದರು. ಅದನ್ನೇ ನೋಡುತ್ತ, "ಚೆನ್ನಾಗಿದಾಳೆ. ಮಗನ ಜೊತೆಗೇ ಇದಾಳೆ" ಎಂದೆ.

ಕೊಟ್ರಯ್ಯನವರು ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದರು. "ನೀವು ಹೇಳಿದ್ರಿ ಅಂದ್ರೆ ನಂಬ್ತೀನ್ರಿ ಮೇಷ್ಟ್ರೆ. ಇದ್ದಿದ್ದನ್ನ ಇದ್ದಂಗೆ ಓದೋ ಮನುಷ್ಯ ನೀವು. ನನ್ನಿಂದ ಆ ಹೆಣ್ಮಗಳಿಗೆ ಏನು ಕೇಡಾತೋ ಅಂತ ಕಣ್ಣಿಗೆ ನಿದ್ದಿ ಹತ್ತಿರ್ಲಿಲ್ಲ."

"ನಿಮ್ಮಿಂದ ಏನೂ ಆಗಲಿಲ್ಲ" ಎಂದೆ.

ಅದು ನಿಜ. ಆದದ್ದು ಯಾರಿಂದ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.