ಕಾನ್ಸಾಸಿನಲ್ಲಿ ನಮ್ಮ ಶುಕ್ರವಾರ

ಇಲ್ಲಿ ಬರೆದಿರುವುದರಲ್ಲಿ ಒಂದಷ್ಟು ತಪ್ಪಿರಬಹುದು. ನಾವು ನೋಡಿ ಬಂದ ಇಗರ್ಜಿಗೆ, ಅಂದರೆ ಚರ್ಚಿಗೆ, ಎರಡು ಗೋಪುರಗಳಿದ್ದವು ಎಂದು ನನ್ನ ನೆನಪು. ಒಂದೇ ಎಂದು ನನ್ನ ಗಂಡ ಹೇಳುತ್ತಾರೆ. ಫೋಟೊ ನೋಡಿ ತೀರ್ಮಾನಿಸೋಣವೆಂದರೆ ಅವರು ತೆಗೆದ ಫೋಟೊಗಳಲ್ಲೆಲ್ಲ ಬಾಡಿಗೆ ಕಾರೇ ತುಂಬಿದೆ. ಅಲ್ಲಿ ಆಡಿದ ಮಾತುಗಳೂ ಕೊಂಕಣಿಯವು, ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಾರಿಯಲ್ಲಿ ಏನೇನು ಸೋರಿಹೋಗಿದೆಯೋ ಗೊತ್ತಿಲ್ಲ.

ನನ್ನ ಅಣ್ಣ ಪಾದ್ರಿ. ಹಿಂದೆ ವಿದೇಶದಿಂದ ಪಾದ್ರಿಗಳು ಮಂಗಳೂರಿಗೆ ಬರುತ್ತಿದ್ದರು. ಈಗ ನಾವೇ ರಫ್ತು ಮಾಡುತ್ತೇವೆ. ಅಣ್ಣನನ್ನು ಅಮೆರಿಕದ ನಟ್ಟನಡುವಿನ ಕಾನ್ಸಾಸಿಗೆ ಕಳಿಸಿದರು. ಗೋಧಿ ಹೊಲಗಳ ನಡುವೆ ಮೂರು ಹಳ್ಳಿ, ಮೂರು ಹಳೆಯ ಕಲ್ಲಿನ ಇಗರ್ಜಿ, ಮೂರಕ್ಕೂ ಇವನೊಬ್ಬನೇ. ಜರ್ಮನ್ ರೈತರು ಹೊಲದಿಂದ ಕಲ್ಲು ಅಗೆದು ತಂದು ಕಟ್ಟಿದ ಅವುಗಳನ್ನು ನೋಡಲು ಈಗ ಪ್ರವಾಸಿಗರು ಬರುತ್ತಾರಂತೆ. ಪ್ರಾರ್ಥನೆಗೆ ಯಾರು ಬರುತ್ತಾರೆ ಎಂದು ನಾವು ಕೇಳಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಸ್ಕತ್ತಿನ ಅಲ್ ಖುವೈರ್‌ನ ನಮ್ಮ ಫ್ಲ್ಯಾಟಿನಲ್ಲೇ ಇದ್ದಾಳೆ. ಅವಳದು ಒಂದೇ ಆಸೆ: ಮಗ ತುಂಬಿದ ಇಗರ್ಜಿಯಲ್ಲಿ ಭಾನುವಾರದ ಪೂಜೆ ಮಾಡುವುದನ್ನು ನೋಡಬೇಕು. ತುಂಬಿದ ಎಂದರೆ ಮಸ್ಕತ್ತಿನ ಲೆಕ್ಕದಲ್ಲಿ ತುಂಬಿದ. ಇಲ್ಲಿ ಪೂಜೆಗೆ ಐದು ನಿಮಿಷ ತಡವಾದರೆ ಅಂಗಳದಲ್ಲಿ ಬೆವರುತ್ತ ನಿಂತು ಧ್ವನಿವರ್ಧಕಕ್ಕೆ ಕೈಮುಗಿಯಬೇಕು. ಅಣ್ಣ ಫೋನಿನಲ್ಲಿ "ಇಗರ್ಜಿ ಬಹಳ ದೊಡ್ಡದಮ್ಮಾ" ಎಂದದ್ದನ್ನು ಅಮ್ಮ ನಮ್ಮ ಕೊಂಕಣಿ ಹೆಂಗಸರಿಗೆ ದಾಟಿಸುವಾಗ "ಸಾವಿರ ಜನ" ಎಂದು ಸೇರಿಸಿದ್ದಳು. ದೊಡ್ಡ ಕಟ್ಟಡ ಖಾಲಿ ಇರಬಹುದು ಎನ್ನುವುದು ಅವಳ ಕಲ್ಪನೆಗೇ ಮೀರಿದ್ದು.

ಪ್ರವಾಸದ ಯೋಜನೆ ಗಂಡನದು. ಮಸ್ಕತ್ತಿನಲ್ಲೇ ಇರುವ ಖುರುಮ್‌ನ ಆಫೀಸಿನಲ್ಲಿ ಇಡೀ ವಿಭಾಗದ ವೇಳಾಪಟ್ಟಿ ಮಾಡುವವರಿಗೆ ಇದೇನು ಮಹಾ. ಬುಧವಾರ, ಗುರುವಾರ ಪ್ರೇಕ್ಷಣೀಯ ಸ್ಥಳಗಳು. ಶುಕ್ರವಾರ ಅಣ್ಣನ ಪೂಜೆ. ಶನಿವಾರ ಬೆಳಿಗ್ಗೆ ವಾಪಸ್. ನಾನು ನೋಡಿದೆ, ಅಮ್ಮ ನೋಡಿದಳು. ಯಾರಿಗೂ ಏನೂ ಅನಿಸಲಿಲ್ಲ. ಒಮಾನಿನಲ್ಲಿ ರಜೆ ಶುಕ್ರವಾರ, ಹಾಗಾಗಿ ನಾವು ಭಾನುವಾರದ ಪೂಜೆ ಎನ್ನುವ ವಾರದ ದೊಡ್ಡ ಪೂಜೆಯೂ ಶುಕ್ರವಾರ. ಭಾನುವಾರ ಎಂದರೆ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕೂತು ವಾರವನ್ನು ಶಪಿಸುವ ದಿನ. ಇಷ್ಟು ವರ್ಷಗಳಲ್ಲಿ ದೇವರೂ ಇದಕ್ಕೆ ಒಗ್ಗಿಕೊಂಡಿದ್ದಾನೆ ಎಂದುಕೊಂಡಿದ್ದೆವು. ಅಮೆರಿಕದಲ್ಲೂ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ: "ಶುಕ್ರವಾರ ನಿನ್ನ ಪೂಜೆ, ಶನಿವಾರ ಹೊರಡ್ತೇವೆ."

ಆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದು. ಅಥವಾ ಆ ಸದ್ದನ್ನು ನಾನು ಆಮೇಲೆ ಸೇರಿಸಿದ್ದಿರಬೇಕು. "ಸರಿ, ಶುಕ್ರವಾರವೇ ಬನ್ನಿ" ಎಂದ. "ಶುಕ್ರವಾರವೇ" ಅಂದನೋ ಬರೀ "ಶುಕ್ರವಾರ" ಅಂದನೋ, ಪ್ರಮಾಣ ಮಾಡಿ ಹೇಳಲಾರೆ.

ಬುಧವಾರ ಅಣ್ಣ ನಮಗೆ ಆ ಸೀಮೆಯ ವೈಭವ ತೋರಿಸಿದ. ಜಗತ್ತಿನ ಅತಿ ದೊಡ್ಡ ಹುರಿಯ ಉಂಡೆ. ಒಬ್ಬ ರೈತ ಸುತ್ತಲು ಶುರುಮಾಡಿದ್ದು, ಈಗ ಆನೆಗಿಂತ ದೊಡ್ಡದಾಗಿ ಒಂದು ಮಾಡಿನ ಕೆಳಗೆ ಕೂತಿದೆ. ಅಮ್ಮ ಅದಕ್ಕೊಂದು ಸುತ್ತು ಬಂದಳು.

"ಇದರಿಂದ ಎಂಥ ಮಾಡ್ತಾರೆ?"

"ಏನೂ ಇಲ್ಲಮ್ಮಾ. ಬಂದವರು ಇನ್ನೂ ಸ್ವಲ್ಪ ಸುತ್ತಬಹುದು."

"ಬಿಚ್ಚಲಿಕ್ಕೆ ಯಾರಿಗೂ ಪುರುಸೊತ್ತಿಲ್ಲವಾ?"

"ಯಲ್ಲಾ, ಹೊರಡೋಣ, ಮುಂದಿನದು" ಎಂದರು ಗಂಡ. ಮುಂದಿನದು ಒಂದು ಗಾಳಿಗಿರಣಿ. ತಿರುಗುತ್ತಿರಲಿಲ್ಲ.

ಶುಕ್ರವಾರ ಅಮ್ಮ ಬೆಳಕು ಹರಿಯುವ ಮೊದಲೇ ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿದ್ದಳು. ಬೇಗ ಹೋಗದಿದ್ದರೆ ಜಾಗ ಸಿಗುವುದಿಲ್ಲವಂತೆ. ಸಿಕ್ಕಿತು. ಇಡೀ ಇಗರ್ಜಿಯೇ ಸಿಕ್ಕಿತು. ಬಣ್ಣದ ಗಾಜಿನ ಕಿಟಕಿಗಳು, ಕೆಳಗೆ ಜರ್ಮನ್ ಅಕ್ಷರಗಳು, ತಲೆ ಎತ್ತಿದರೆ ಕುತ್ತಿಗೆ ನೋಯುವಷ್ಟು ಎತ್ತರದ ಚಾವಣಿ. ಅಮ್ಮ ಮೊದಲ ಸಾಲಿನಲ್ಲಿ ಕೂತು ಬಾಗಿಲ ಕಡೆಗೆ ತಿರುಗಿ ತಿರುಗಿ ನೋಡಿದಳು. "ನಾವು ಬೇಗ ಬಂದದ್ದು." ಒಬ್ಬ ಮುದುಕ ಬಂದ. ಇಬ್ಬರು ಮುದುಕಿಯರು ಬಂದರು. ಹಿಂದಿನ ಸಾಲುಗಳಲ್ಲಿ ಒಬ್ಬರಿಂದೊಬ್ಬರು ಆದಷ್ಟು ದೂರ ಕೂತರು, ಹಳೆಯ ಜಗಳವೇನೋ ಇರುವಂತೆ. ಅಣ್ಣ ಬಂದ. ಹಾಡಿಲ್ಲ, ಪ್ರವಚನವಿಲ್ಲ. ಪೂಜೆ ಶುರುವಾಯಿತು ಎನ್ನುವಷ್ಟರಲ್ಲಿ ಮುಗಿಯಿತು.

ಹೊರಗೆ ಮುದುಕಿಯರಲ್ಲೊಬ್ಬಳು ಅಮ್ಮನ ಸೀರೆಯನ್ನು ಬಾಯ್ತುಂಬ ಹೊಗಳಿ, ವಾರದ ನಡುವೆ ಪೂಜೆಗೆ ಬರುವವರು ಈಗ ಅಪರೂಪ ಎಂದಳು.

"ವಾರದ ನಡುವೆ?" ಎಂದು ನನ್ನ ಗಂಡ ಫೋನು ತೆಗೆದು ವಾರ ನೋಡಿದರು. ಫೋನು ಅಮೆರಿಕದ ಪರ ವಹಿಸಿತು: ಶುಕ್ರವಾರ ಅಲ್ಲಿ ಕೆಲಸದ ದಿನ.

ಅಮ್ಮ ಅಣ್ಣನಿದ್ದ ಒಳಕೋಣೆಗೆ ಹೋದಳು, ಹಿಂದೆಯೇ ನಾವೂ. ನಾಲ್ಕು ಜನರ ಮುಂದೆ ಮಗನನ್ನು ಫಾದರ್ ಎನ್ನುವವಳು, ಹೊರಗಿನವರು ಇಲ್ಲದಲ್ಲಿ ಪುತಾ, ಅಂದರೆ ಮಗನೇ, ಎನ್ನುತ್ತಾಳೆ.

"ಪುತಾ, ಭಾನುವಾರ ತುಂಬ್ತದಾ?"

ಅಣ್ಣ ಪೂಜೆಯ ಉಡುಪನ್ನು ಮಡಚುತ್ತಿದ್ದ. "ಭಾನುವಾರದ ಪೂಜೆ ಬೇರೆ ರೀತಿ ಅಮ್ಮಾ" ಎಂದ. ನನಗೆ ನೆನಪಿರುವುದು ಇಷ್ಟು. "ಭಾನುವಾರ ಜನ ಬರ್ತಾರೆ ಅಂತ ಭಾವ ಅಂದರಲ್ಲ" ಎಂದು ಗಂಡನ ವಾದ. ಎರಡರಲ್ಲೂ ಎಷ್ಟು ಜನ ಎಂದಿಲ್ಲ.

"ಟಿಕೆಟ್ ಬದಲಿಸೋಣ, ಎರಡು ದಿನ ತಾನೇ" ಎಂದೆ. ಆಫೀಸು ನೆನೆದು ಮುಖ ಸಣ್ಣದು ಮಾಡಿಕೊಂಡ ಗಂಡ ಬಾಯಿ ತೆರೆಯುವ ಮೊದಲೇ ಅಣ್ಣ, "ಬೇಡ ಬೇಡ, ಅದು ಭಾರೀ ಕಷ್ಟ" ಎಂದ. ತನ್ನ ಟಿಕೆಟ್ಟುಗಳನ್ನೆಲ್ಲ ಬಿಷಪರ ಆಫೀಸಿನವರೇ ಮಾಡಿಕೊಡುವ ಮನುಷ್ಯನಿಗೆ ವಿಮಾನಯಾನದ ಈ ಕಷ್ಟ ಎಲ್ಲಿಂದ ತಿಳಿಯಿತೋ. ಅಮ್ಮ ಸೆರಗು ಸರಿಮಾಡಿಕೊಂಡು, "ಹೋಗಲಿ, ಕೂತದ್ದಾದರೂ ಆರಾಮಾಗಿ ಆಯ್ತು" ಎಂದಳು.

ಮುಂದಿನ ಶುಕ್ರವಾರ ಮಸ್ಕತ್ತಿನ ಇಗರ್ಜಿಯ ಅಂಗಳದಲ್ಲಿ ಹೆಂಗಸರು ಅಮ್ಮನನ್ನು ಸುತ್ತುವರಿದರು. "ಭಾನುವಾರ ಕಾಲಿಡಲಿಕ್ಕೆ ಜಾಗ ಇಲ್ಲವಂತೆ" ಎಂದಳು. ನಂತರದ ವಾರಗಳಲ್ಲಿ "ಅಂತೆ" ಬಿದ್ದುಹೋಯಿತು, ಒಂದು ಗಾಯನವೃಂದ ಬಂದು ಸೇರಿತು. ನಾನು ತಿದ್ದಲಿಲ್ಲ. ಈಗೀಗ ಆ ಹಾಡು ನನಗೂ ಕೇಳಿದಂತಾಗುತ್ತದೆ. ನನ್ನ ನೆನಪಿನ ಯೋಗ್ಯತೆ ಅಷ್ಟು.

ಆದರೆ ಒಂದು ವಿಷಯ ಖಚಿತವಾಗಿ ನೆನಪಿದೆ. ಮೊದಲ ಸಲ ಕಾನ್ಸಾಸಿಗೆ ಹೋಗುವ ದಾರಿಯಲ್ಲಿ ಅಣ್ಣ ಮಸ್ಕತ್ತಿನಲ್ಲಿ ಇಳಿದಿದ್ದ. ಇಲ್ಲಿ ಶುಕ್ರವಾರದ ಪೂಜೆ ಮಾಡಿ, ಅಂಗಳದಲ್ಲಿ ನಿಂತ ಜನರನ್ನು ನೋಡಿ, "ನಿಮ್ಮ ಭಾನುವಾರ ಎರಡು ದಿನ ಮೊದಲೇ ಬರ್ತದಲ್ಲ" ಎಂದು ನಕ್ಕಿದ್ದ. ನಮ್ಮ ತಪ್ಪನ್ನು ಯಾರಾದರೂ ಹಿಡಿಯಬಹುದಿದ್ದರೆ ಅದು ಅವನೇ.

ಹೋದ ತಿಂಗಳು ಅವನಿಗೆ ಒಂದು ಸಂದೇಶ ಕಳಿಸಿದೆ. ಓದಿದ್ದಾನೆ, ನೀಲಿ ಗೆರೆಗಳು ಬಿದ್ದಿವೆ. ಆಮೇಲೆ ಅಮ್ಮನ ಸಕ್ಕರೆ ಕಾಯಿಲೆ ವಿಚಾರಿಸಿದ್ದಾನೆ, ಗೋಧಿ ಕೊಯ್ಲಿನ ಫೋಟೊ ಕಳಿಸಿದ್ದಾನೆ. ನಾನು ಕೇಳಿದ್ದು ಇಷ್ಟೇ: "ಅಣ್ಣ, ನಾವು ಶುಕ್ರವಾರ ಅಂದಾಗ ನಿನಗೆ ಗೊತ್ತಿತ್ತಲ್ಲ, ಭಾನುವಾರವೂ ಬರುವ ಬೆರಳೆಣಿಕೆಯ ಜನರನ್ನು ಅಮ್ಮ ಎಣಿಸಿಬಿಡುತ್ತಾಳೆ ಅಂತ ಸುಮ್ಮನಿದ್ದೆಯಾ?"