ಬೆಂಚಿನ ಹಿಂದಿನ ಸಾಲು

ಬೆಳಿಗ್ಗೆ ಎದ್ದು ಇಡ್ಲಿ ಹಿಟ್ಟು ಉಬ್ಬಿದೆಯೇ ನೋಡಿದೆ. ಉಬ್ಬಿರಲಿಲ್ಲ, ಪಾತ್ರೆಗೆ ಹಳೆಯ ಶಾಲು ಸುತ್ತಿ ಹೀಟರಿನ ಪಕ್ಕಕ್ಕೆ ಸರಿಸಿದೆ. ರಟ್ಟಿನ ಪೆಟ್ಟಿಗೆಗಳನ್ನು ಮಡಚಿ ಬೀದಿ ಕೊನೆಯ ಕಸದ ಡಬ್ಬಕ್ಕೆ ಹಾಕಿ ಬಂದೆ. ಸೈಕಲ್ ಚೈನಿಗೆ ಎಣ್ಣೆ ಬಿಟ್ಟೆ. ಇವರ ಶರ್ಟುಗಳಿಗೆ ಇಸ್ತ್ರಿ ಮಾಡಿದೆ. ಚಳಿಗೆ ಒಳಗೆ ತಂದಿಟ್ಟಿದ್ದ ಕರಿಬೇವಿನ ಗಿಡದ ಒಣ ಎಲೆ ಕಿತ್ತೆ. ಅಷ್ಟು ಹೊತ್ತೂ ತಲೆಯಲ್ಲಿ ಇದ್ದದ್ದು ಸಂಜೆಯ ಮ್ಯಾಚು ಒಂದೇ.

ಮಗಳು ಅಮೆರಿಕದ ಒಂದು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಇಲ್ಲಿ ಡಚ್ ನಾಡಿನ ಬೈಟನ್‌ವೆಲ್ಡರ್ಟ್‌ನ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಕ್ಲಬ್ಬಿಗೆ ಹೋಗಿ ಆಟ ಕಲಿತವಳು. ಈಗ ಅವಳಿಗೆ ಕೊನೆಯ ವರ್ಷ. ತಂಡದಲ್ಲಿದ್ದಾಳೆ ಅಂದರೆ ಬೆಂಚಿನ ಮೇಲಿದ್ದಾಳೆ ಎಂದೇ ಅರ್ಥ. ಪಂದ್ಯ ಪೂರ್ತಿ ಕೈಗೆ ಬಂದ ಮೇಲೆ, ಇಲ್ಲವೇ ಪೂರ್ತಿ ಕೈ ತಪ್ಪಿದ ಮೇಲೆ, ಕೋಚಮ್ಮ ಅವಳನ್ನು ಒಳಗೆ ಕಳಿಸುತ್ತಾರೆ. ಅವಳು ಅಲ್ಲಿ ಆಡುವುದನ್ನು ನಾವು ಎದುರಿಗೆ ಕೂತು ಒಮ್ಮೆಯೂ ನೋಡಿಲ್ಲ. ಸೀಸನ್ನಿನ ಕೊನೆಯ ವಾರಕ್ಕಾದರೂ ಹೋಗೋಣವೆಂದು ಇವರು ನ್ಯೂವೆಗೈನ್‌ನ ತಮ್ಮ ಆಫೀಸಿನಲ್ಲಿ ರಜೆಗೆ ಹೇಳಿಟ್ಟಿದ್ದರು. ಆದರೆ ಆ ವಾರ ಅವಳ ತಂಡ ಯಾರ ಎದುರು ಆಡುತ್ತದೆ ಎಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಅದನ್ನು ನನಗೆ ಬಿಡಿಸಿ ಹೇಳಿದ್ದು ಇವರೇ. ಅವಳ ಕಾಲೇಜಿನಂಥ ಹತ್ತು ಕಾಲೇಜು ಸೇರಿ ಒಂದು ಕಾನ್ಫರೆನ್ಸ್. ಮೊದಲು ಎಲ್ಲರೂ ಎಲ್ಲರ ಮೇಲೆ ಒಂದೊಂದು ಸಲ ಆಡುತ್ತಾರೆ. ಕೊನೆಯ ಪಂದ್ಯಗಳನ್ನು ಮಾತ್ರ ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಆಮೇಲೆ ಪಟ್ಟಿಯ ಮೇಲಿನ ಐದು ತಂಡ ತಮ್ಮತಮ್ಮಲ್ಲೇ, ಕೆಳಗಿನ ಐದು ತಮ್ಮತಮ್ಮಲ್ಲೇ ಆಡುತ್ತವೆ.

"ಯಾಕೆ ಹಾಗೆ?" ಎಂದೆ.

"ದೇಶದ ದೊಡ್ಡ ಟೂರ್ನಮೆಂಟಿಗೆ ಆರಿಸುವಾಗ ಯಾರನ್ನ ಸೋಲಿಸಿದ್ರು ಅಂತ ನೋಡ್ತಾರೆ. ಸಪ್ಪೆ ಟೀಮ್ ಮೇಲೆ ಗೆದ್ರೆ ಮೂರು ಕಾಸಿನ ಬೆಲೆಯಿಲ್ಲ, ರ‍್ಯಾಂಕು ಇಳಿದ್ರೂ ಇಳೀತು. ಗಟ್ಟಿಯವರು ಗಟ್ಟಿಯವರ ಜೊತೇನೇ ಆಡಿದ್ರೆ ಕಾನ್ಫರೆನ್ಸಿಂದ ಒಂದರ ಬದಲು ಎರಡು ಟೀಮ್ ಹೋಗಬಹುದು."

"ಒಳ್ಳೆ ಮನೆತನದವರು ಒಳ್ಳೆ ಮನೆತನಕ್ಕೇ ಹೆಣ್ಣು ಕೊಟ್ಟ ಹಾಗೆ."

"ಆ ಲೆಕ್ಕದಲ್ಲಿ ನಿಮ್ಮಪ್ಪ ನನ್ನ ಹೇಗೆ ಒಪ್ಪಿದ್ರೋ."

ನಕ್ಕೆವು. ಆದರೆ ನಮ್ಮ ಮಟ್ಟಿಗೆ ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು. ಇವತ್ತು ಗೆದ್ದರೆ ಅವಳ ತಂಡ ಐದನೆಯದಾಗಿ ಮೇಲಿನ ಗುಂಪಿಗೆ ಹೋಗುತ್ತದೆ. ಮುಂದೆ ಬರೀ ಗಟ್ಟಿ ತಂಡಗಳು, ಪ್ರತಿ ಪಂದ್ಯವೂ ಕೊನೆತನಕ ಹಣಾಹಣಿ, ಅವಳು ಬೆಂಚು ಬಿಟ್ಟು ಏಳುವ ಹಾಗಿಲ್ಲ. ಸೋತರೆ ಕೆಳಗಿನ ಗುಂಪು. ಅಲ್ಲಿ ಸಪ್ಪೆ ತಂಡಗಳ ಮೇಲೆ ಪಂದ್ಯ ಬೇಗ ಕೈಗೆ ಬರುತ್ತದೆ, ಅವಳು ಆಡುತ್ತಾಳೆ, ನಾವು ಹೋಗಿ ಕಣ್ತುಂಬ ನೋಡುತ್ತೇವೆ.

ಅಲ್ಲಿ ಮಧ್ಯಾಹ್ನ, ಇಲ್ಲಿ ಕತ್ತಲಾಗಿತ್ತು. ಟಿವಿಗೆ ಲ್ಯಾಪ್‌ಟಾಪ್ ಜೋಡಿಸಿ ಕೂತೆವು. ಇವರು ಕಾಫಿ ಲೋಟ ಹಿಡಿದೇ ಇದ್ದರು, ಕುಡಿಯಲಿಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಓಡುವಾಗ ನಾನು ಮಾತ್ರ ಪರದೆಯ ಮೂಲೆಯಲ್ಲಿ ಬೆಂಚು ಹುಡುಕುತ್ತಿದ್ದೆ. ಕೊನೆಯ ಭಾಗದಲ್ಲಿ ಮಗಳ ತಂಡ ಚೆನ್ನಾಗಿಯೇ ಮುಂದಿತ್ತು.

"ಈಗ ಕಳಿಸ್ತಾರೆ ನೋಡು," ಎಂದರು ಇವರು.

ಮಗಳಿಗೂ ಹಾಗೇ ಅನಿಸಿರಬೇಕು. ಜಾಕೆಟ್ ಬಿಚ್ಚಿ, ಜಡೆ ಬಿಗಿ ಮಾಡಿಕೊಂಡು, ಬೆಂಚಿನ ತುದಿಗೆ ಬಂದು ಕೂತಳು. ಕೋಚಮ್ಮ ಆ ಕಡೆ ತಿರುಗಲೇ ಇಲ್ಲ.

"ಇಷ್ಟು ಮುಂದಿದ್ರೂ ಯಾಕ್ರೀ ಕರೀತಿಲ್ಲ?"

"ಎಷ್ಟು ಅಂತರದಲ್ಲಿ ಗೆದ್ರು ಅನ್ನೋದೂ ರ‍್ಯಾಂಕಿಂಗಿಗೆ ಬೇಕು. ಬಿಟ್ಟುಕೊಡಲ್ಲ ಅವರು."

ಅಷ್ಟರಲ್ಲಿ ಎದುರು ತಂಡ ಒಂದರ ಮೇಲೊಂದು ಬುಟ್ಟಿಗೆ ಹಾಕತೊಡಗಿತು. ಅಂತರ ಕರಗಿತು. ಅವರ ಕುಳ್ಳ ಹುಡುಗಿಯೊಬ್ಬಳು ದೂರದಿಂದ ಚೆಂಡು ಎಸೆದಾಗ, ಅದು ಇನ್ನೂ ಗಾಳಿಯಲ್ಲಿರುವಾಗಲೇ, ಇವರು ಮೆಲ್ಲಗೆ, "ಒಳಗೆ ಬೀಳಲಿ," ಎಂದರು.

ನಾನು ತಿರುಗಿ ನೋಡಿದೆ. ಅವರು ನನ್ನತ್ತ ನೋಡಲಿಲ್ಲ. ಬೈಯಬೇಕೆಂದುಕೊಂಡವಳು ನಾನೂ ಚೆಂಡನ್ನೇ ನೋಡಿದೆ. ಚೆಂಡು ಬುಟ್ಟಿಯ ಬಳೆಗೆ ಬಡಿದು ಆಚೆ ಹಾರಿತು. ಕೋಚಮ್ಮ ಆಟ ನಿಲ್ಲಿಸಿ ಎಲ್ಲರನ್ನೂ ಹತ್ತಿರ ಕರೆದಾಗ ನಮ್ಮವಳು ನೀರಿನ ಬಾಟಲಿ ಹಂಚಿದಳು. ಒಬ್ಬಳ ಭುಜ ಹಿಡಿದು, ಕೈ ತೋರಿಸಿ ಏನೋ ಹೇಳಿದಳು. ಆ ಹುಡುಗಿ ತಲೆಯಾಡಿಸಿದಳು. ಮತ್ತೆ ಆಟ. ಕೊನೆಗೆ ಕೂದಲೆಳೆಯ ಅಂತರದಲ್ಲಿ ಗೆದ್ದರು. ಎಲ್ಲರಿಗಿಂತ ಮೊದಲು ಅಂಗಳಕ್ಕೆ ಓಡಿದವಳು ನಮ್ಮ ಮಗಳು. ಇವರು ತಣ್ಣಗಾದ ಕಾಫಿಯನ್ನು ಸಿಂಕಿಗೆ ಸುರಿದು ಬಂದರು.

ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಅಮ್ಮಾ, ನೋಡಿದ್ರಾ? ಟಾಪ್ ಫೈವ್!"

ನಾನು ಉತ್ತರಿಸುವ ಮೊದಲೇ ಇವರು ಸ್ಪೀಕರಿನಲ್ಲಿದ್ದ ಫೋನ್ ತೆಗೆದುಕೊಂಡರು. "ಜಾಕೆಟ್ ಯಾಕೆ ಬಿಚ್ಚಿದ್ದೆ?"

"ಸೆಕೆ ಆಯ್ತು, ಅಪ್ಪ."

"ನನ್ನ ಹತ್ರ ಹೇಳ್ಬೇಡ."

"ಸರಿ. ಕರೀತಾರೆ ಅಂದ್ಕೊಂಡೆ." ಆಮೇಲೆ ಅವಳೇ ಮುಂದುವರಿಸಿದಳು. "ಅಪ್ಪ, ಅವರ ಸೆಂಟರ್, ಬುಟ್ಟಿ ಕೆಳಗೆ ನಿಲ್ಲೋ ಆ ಉದ್ದ ಹುಡುಗಿ, ಎಡಗಡೆನೇ ತಿರುಗ್ತಾಳೆ ಅಂತ ನಮ್ಮವರಿಗೆ ಹೇಗೆ ಗೊತ್ತಾಯ್ತು ಹೇಳಿ? ಇಡೀ ವಾರ ಪ್ರಾಕ್ಟೀಸಲ್ಲಿ ಅವಳ ಥರ ಆಡಿದ್ದು ನಾನು. ಈಗ ಪ್ರಾಕ್ಟೀಸಲ್ಲಿ ಮೇಲಿನ ನಾಲ್ಕೂ ಟೀಮಿನ ಸೆಂಟರ್ ನಾನೇ ಆಗ್ಬೇಕು."

"ಅದನ್ನ ಯಾರು ನೋಡ್ತಾರೆ, ಪುಟ್ಟಿ?"

"ಯಾರೂ ನೋಡಲ್ಲ."

ನಾನು ಫೋನಿನ ಹತ್ತಿರ ಬಗ್ಗಿ, "ಹಾಗಾದ್ರೆ ನಾವು ಬರೋದು ಬೇಡ್ವಾ?" ಎಂದೆ.

"ಬನ್ನಿ, ಅಮ್ಮ." ಅವಳ ದನಿ ಚಿಕ್ಕದಾಗಿತ್ತು. "ಆದ್ರೆ ಎದುರುಗಡೆ ಸೀಟ್ ತಗೋಬೇಡಿ. ಬೆಂಚಿನ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಮ್ಯಾಚ್ ಪೂರ್ತಿ ನಾನು ಅಲ್ಲೇ ಇರ್ತೀನಿ."

ಫೋನಿಟ್ಟ ಮೇಲೆ ಇವರು ಅವಳ ಕಾಲೇಜಿನ ಅಂಗಳದ ಸೀಟುಗಳ ನಕ್ಷೆಯನ್ನು ಫೋನಿನಲ್ಲೇ ತೆರೆದು ಕೂತರು. ಬೆಂಚು ಯಾವ ಬದಿಗೆ ಬರುತ್ತದೆಂದು ತಿಳಿಯಲು ಮುಗಿದ ಮ್ಯಾಚನ್ನು ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದರು. ಈ ಸಲ ಇಬ್ಬರೂ ಮೂಲೆಯನ್ನೇ ನೋಡಿದೆವು.

ಹಿಟ್ಟು ಇಡ್ಲಿಗೆ ಆಗುವಷ್ಟು ಉಬ್ಬಲೇ ಇಲ್ಲ. ದೋಸೆ ಹುಯ್ದು, ಚಟ್ನಿಪುಡಿ, ಮೊಸರಿನ ಜೊತೆ ತಿಂದೆವು. ಇವರು ನಕ್ಷೆಯಿದ್ದ ಫೋನನ್ನು ಎದೆಯ ಮೇಲಿಟ್ಟುಕೊಂಡು ಸೋಫಾದಲ್ಲೇ ಮೊದಲು ನಿದ್ದೆಹೋದರು. ಪಾತ್ರೆಗೆ ಸುತ್ತಿದ್ದ ಶಾಲನ್ನು ಕೊಡವಿ ಅವರಿಗೆ ಹೊದಿಸಿದೆ.