ಒಂದು ಚಿಟಿಕೆ ಕೋಬಾಲ್ಟ್

ನಮ್ಮ ಪ್ರಯೋಗಾಲಯದ ಚಿಟಿಕೆ ಅಕ್ಕನಿಗೆ ಲೋಕದ ಸಕಲ ಸಮಸ್ಯೆಗಳಿಗೂ ಒಂದೇ ಮದ್ದು: “ಒಂದು ಚಿಟಿಕೆ ಕೋಬಾಲ್ಟ್ ಹಾಕಿ ನೋಡೋಣ!” ಗಾಜಿನ ಪುಡಿಗೆ ಆ ಲೋಹದ ಪುಡಿ ಬೆರೆಸಿ, ಬಿಲ್ಲೆ ಒತ್ತಿ ಕುಲುಮೆಗಿಡುತ್ತಾಳೆ; ಲೋಹ ಹದವಾಗಿದ್ದರೆ ಕಡಿಮೆ ಕಾವಿಗೇ ಕಣಗಳು ಒಂದನ್ನೊಂದು ತಬ್ಬಿ ಕಲ್ಲಾಗುತ್ತವೆ, ಹೆಚ್ಚಾದರೆ ಕರಗಿ ಮುದ್ದೆಯಾಗುತ್ತವೆ. ಅಕ್ಕನ ಕೈಯಲ್ಲಿ ಹದ ಮೀರುವುದೇ ಹೆಚ್ಚು. ಕುಲುಮೆ ತೆರೆಯುವಾಗ ಕಪಾಟಿನ ಹಿಂದೆ ಅವಿತು, “ಬಿಲ್ಲೆ ನಿಂತಿದೆಯೇನ್ರೋ, ಕರಗಿ ಮಲಗಿಬಿಡ್ತಾ?” ಎಂದು ಕೂಗುತ್ತಾಳೆ, ಮಲಗಿದ್ದರೆ ಎಲ್ಲರಿಗಿಂತ ಮೊದಲು ಅವಳೇ ಬಿದ್ದು ಬಿದ್ದು ನಗುತ್ತಾಳೆ. ಮನೆಯಲ್ಲಂತೂ ಅತ್ತೆ ಉಪ್ಪಿನ ಡಬ್ಬಿಯನ್ನೇ ಅಟ್ಟಕ್ಕೇರಿಸಿದ್ದಾರೆ. “ಇವಳ ಚಿಟಿಕೆ ಅಂದ್ರೆ ಒಂದು ಹಿಡಿ ಕಣಮ್ಮಾ” ಎಂದು ಬಂದವರೆದುರೆಲ್ಲ ಗೊಣಗುವ ಆ ಅತ್ತೆಯ ಕೊರಳಲ್ಲಿ, ಸೊಸೆ ಮೊದಲ ಸಲ ಕರಗಿಸಿ ಕೆಡಿಸಿದ, ಕೋಬಾಲ್ಟಿನಿಂದ ಕಡುನೀಲಿಯಾದ ಬಿಲ್ಲೆ ದಾರದಲ್ಲಿ ತೂಗುತ್ತಿರುತ್ತದೆ. ಯಾವ ಅಂಗಡಿಯದೆಂದು ಯಾರಾದರೂ ಕೇಳಿದರೆ ಸಾಕು, ಕತ್ತೆತ್ತಿ ಹೇಳುತ್ತಾರೆ: “ಅಂಗಡೀಲೆಲ್ಲಿ ಸಿಗತ್ತೆ? ನಮ್ಮ ಹುಡುಗಿ ಸುಟ್ಟಿದ್ದು!”